ಬೀದಿಗೆ ಬೀಳುವ ಮುಂಚಿನ ಹತ್ತು ದಿನ

ನೀನು ಕ್ಯಾಲಿಫೋರ್ನಿಯಾ ತಲುಪಿದ ಮೊದಲ ವಾರ ಯಾವ ಯಾವ ಫೋಟೊ ಕಳಿಸುತ್ತೀ ಅಂತ ನಾನು ಕೂತಲ್ಲೇ ಹೇಳಬಲ್ಲೆ. ಮೊದಲು ಆ ಕೆಂಪು ಸೇತುವೆ. ಆಮೇಲೆ ಆಫೀಸಿನ ಬೋರ್ಡಿನ ಮುಂದೆ ಹಲ್ಲು ಬಿಟ್ಟು ನಿಂತ ನೀನು. ಮೂರನೆಯದು, ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟಿನ ಫುಟ್‌ಪಾತಿನ ಮೇಲೆ ಮಾಸಿದ ಕಂಬಳಿ ಹೊದ್ದು ಮಲಗಿದ ಒಬ್ಬ ಮನುಷ್ಯ. ಕೆಳಗೆ, ‘ಅಮೆರಿಕಾದಲ್ಲೂ ಭಿಕ್ಷುಕರು!’ ಅನ್ನುವ ಉದ್ಗಾರ. ಇಲ್ಲಿ ನಿನ್ನ ಮಾವ ಅದನ್ನು ನೋಡಿ ‘ಡಾಲರ್ ದೇಶದ ಬಂಡವಾಳ ಇಷ್ಟೇ’ ಅನ್ನುತ್ತಾನೆ. ಚಿಕ್ಕಮ್ಮ ‘ಹುಷಾರು ಕಂದಾ, ಹತ್ತಿರ ಹೋಗಬೇಡ’ ಅನ್ನುತ್ತಾಳೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಯಾರದೋ ಮದುವೆಯ ಕಡೆಗೆ ಹೊರಳಿರುತ್ತದೆ.

ಆ ಮೂರನೆಯ ಫೋಟೊ ತೆಗೆಯಬೇಡ ಮಗೂ. ನಿದ್ದೆ ಮಾಡುತ್ತಿರುವವರ ಫೋಟೊ ತೆಗೆಯುವುದು ಒಳ್ಳೆಯ ಗುಣವಲ್ಲ. ನಿನ್ನ ತಾತ ಮಧ್ಯಾಹ್ನ ಬಾಯಿ ಬಿಟ್ಟು ಗೊರಕೆ ಹೊಡೆಯುವುದನ್ನು ಬೀದಿಯವರು ನೋಡದಂತೆ ನಮ್ಮ ಮನೆಗೆ ಗೋಡೆ ಇದೆ. ಅವನಿಗೆ ಗೋಡೆ ಇಲ್ಲ. ಆದ್ದರಿಂದ ದಾಟಿ ಹೋಗುವವರೇ ಕಣ್ಣು ಬೇರೆ ಕಡೆ ತಿರುಗಿಸಬೇಕು.

ಇದನ್ನೆಲ್ಲ ಹೇಳಲು ನಿನಗೇನು ಗೊತ್ತಜ್ಜಿ ಅಂತ ಕೇಳುತ್ತೀ. ಕೇಳದೆ ಬಿಡುವ ಜಾಯಮಾನ ನಿನ್ನದಲ್ಲ. ನಾನು ದುಡಿದದ್ದು ತಾಲ್ಲೂಕು ಕಚೇರಿಯಲ್ಲಿ, ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿಗಳ ಮುಂದೆ. ಬಡತನ ಕಿಟಕಿಯಾಚೆ ಸಾಲಿನಲ್ಲಿ ನಿಂತು, ಸೆರಗಿನ ತುದಿಯಲ್ಲಿ ಬೆವರು ಒರೆಸಿಕೊಳ್ಳುವುದನ್ನು ದಿನಾ ನೋಡಿದವಳು. ನಿವೃತ್ತಿಯಾದ ಮೇಲೆ ಮಗನ ಮನೆಗೆ, ಸನಿವೇಲ್‌ಗೆ, ಹೋಗಿ ಬರುವುದು ರೂಢಿಯಾಯಿತು. ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟರೆ ನನಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ನಡೆಯುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ, ಜನರನ್ನು ನೋಡುತ್ತಿದ್ದೆ.

ಅಲ್ಲಿ ಎಲ್ ಕಮೀನೋ ರಿಯಾಲ್ ಅನ್ನುವ ಉದ್ದದ ರಸ್ತೆಯಿದೆ. ನಿನಗೂ ಬೇಗ ಪರಿಚಯವಾಗುತ್ತದೆ. ದೋಸೆ ಹೋಟೆಲುಗಳೆಲ್ಲ ಅದರ ಮೇಲೇ ಇವೆ. ಆ ರಸ್ತೆಯಲ್ಲಿ ಪಾಲೊ ಆಲ್ಟೊದಿಂದ ಹೊರಟು ಮೌಂಟನ್ ವ್ಯೂ, ಸನಿವೇಲ್, ಸಾಂಟಾ ಕ್ಲಾರಾ ದಾಟಿ ಸ್ಯಾನ್ ಹೋಸೆಯ ಈಸ್ಟ್‌ರಿಜ್‌ಗೆ ಹೋಗುವ 22ನೇ ನಂಬರಿನ ಬಸ್ಸಿದೆ. ರಾತ್ರಿಯಿಡೀ ಓಡುವ ಬಸ್ಸೆಂದೇ ಅದಕ್ಕೆ ಹೆಸರಿತ್ತು. ಮನೆಯಿಲ್ಲದವರು ಅದನ್ನು ಹತ್ತಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು, ಕೊನೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದರು, ಚಳಿಯಲ್ಲಿ ನಿಂತು ಮತ್ತೆ ಹತ್ತುತ್ತಿದ್ದರು. ಊರಿನವರು ಅದನ್ನು ‘ಹೋಟೆಲ್ 22’ ಅಂತ ಕರೆದರು. ಎಲಿಜಬೆತ್ ಲೋ ಅನ್ನುವ ನಿರ್ದೇಶಕಿ ಅದೇ ಹೆಸರಿನಲ್ಲಿ ಒಂದು ಕಿರುಚಿತ್ರವನ್ನೂ ಮಾಡಿದ್ದಾರೆ. ಗೂಗಲ್ಲು, ಆಪಲ್ಲು, ಸ್ಟ್ಯಾನ್‌ಫರ್ಡು ಎಲ್ಲ ಆ ಬಸ್ಸಿನ ದಾರಿಯ ಅಕ್ಕಪಕ್ಕದ ಊರುಗಳಲ್ಲೇ ಇರುವುದು.

ದೇಶ ಬದಲಾಗಿ ನಿದ್ದೆ ಹತ್ತದ ಒಂದು ಬೆಳಗಿನ ಜಾವ ನಾನೂ ಆ ಬಸ್ಸು ಹತ್ತಿದ್ದೆ. ಎದುರು ಸೀಟಿನಲ್ಲಿ ನನ್ನ ವಯಸ್ಸಿಗೆ ಸ್ವಲ್ಪ ಕಮ್ಮಿಯ ಒಬ್ಬಾಕೆ ತಲೆ ಕಿಟಕಿಗೆ ಒರಗಿಸಿ ಕೂತಿದ್ದಳು. ಬ್ಯಾಗಿನ ಪಟ್ಟಿಯನ್ನು ಪಾದದ ಗಂಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಬಿಚ್ಚಿದ ಶೂಗಳ ದಾರ ಒಂದಕ್ಕೊಂದು ಗಂಟು ಹಾಕಿ, ಆ ಗಂಟನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದಳು. ನಿದ್ದೆಯಲ್ಲಿ ಯಾರಾದರೂ ಎಳೆದರೆ ಎಚ್ಚರವಾಗಬೇಕಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ತಾನಾಗಿ ಎದ್ದಳು. ಒದ್ದೆ ಟಿಶ್ಯೂನಲ್ಲಿ ಮುಖ, ಕುತ್ತಿಗೆ, ಬೆರಳ ಸಂದಿ ಒರೆಸಿಕೊಂಡಳು. ತಲೆ ಬಾಚಿ ಬಿಗಿಯಾಗಿ ಕಟ್ಟಿದಳು. ಬ್ಯಾಗಿನ ತಳದಿಂದ ಒಂದು ದಿನಸಿ ಅಂಗಡಿಯ ಏಪ್ರನ್ ತೆಗೆದು ಸುಕ್ಕು ಹೋಗುವಂತೆ ತೊಡೆಯ ಮೇಲೆ ಒತ್ತಿ ಒತ್ತಿ ನೇವರಿಸಿದಳು. ನಾನು ನೋಡುತ್ತಿದ್ದದ್ದು ಕಂಡು ನಕ್ಕು, ‘ಆರೂವರೆಗೆ ಡ್ಯೂಟಿ’ ಅಂದಳು. ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿದಳು.

ಇನ್ನು ಮುಂದೆ ‘ಗಟ್ಟಿಮುಟ್ಟಾಗಿದಾರೆ, ದುಡಿದು ತಿನ್ನಬಾರದೇ?’ ಅಂತ ನಿನ್ನ ಬಾಯಿಂದ ಬರುವ ಮುಂಚೆ ಆ ಏಪ್ರನ್ ನೆನಪು ಮಾಡಿಕೋ. ಬೆಳಗ್ಗೆ ವಾಕಿಂಗ್ ಹೋದಾಗ ರಸ್ತೆ ಬದಿ ನಿಲ್ಲಿಸಿದ ಕಾರುಗಳ ಒಳಗೆ ಒಂದು ಕ್ಷಣ ನೋಡು. ಕಿಟಕಿಗೆ ಟವೆಲು ಸಿಕ್ಕಿಸಿದ್ದು, ಹಿಂದಿನ ಸೀಟಿನ ಹಿಡಿಗೆ ಹ್ಯಾಂಗರಿನಲ್ಲಿ ಇಸ್ತ್ರಿ ಮಾಡಿದ ಒಂದು ಯೂನಿಫಾರಂ ಶರ್ಟು ನೇತಾಡುವುದು ಕಂಡರೆ, ಅದು ಯಾರದೋ ಮನೆ. ತಳ್ಳುಗಾಡಿಯಲ್ಲಿ ಖಾಲಿ ಡಬ್ಬಿ ತುಂಬಿಕೊಂಡು ಹೋಗುವವನೂ ಬೆಳಗಿನ ನಾಲ್ಕಕ್ಕೆ ಎದ್ದಿರುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಣ್ಣ ಡಬ್ಬಿ ಮರಳಿಸಿದರೆ 5 ಸೆಂಟು. 22ನೇ ನಂಬರಿನ ಬಸ್ಸಿಗೆ ಎರಡೂವರೆ ಡಾಲರ್ ಟಿಕೆಟ್ಟು. ಒಂದು ಸಲ ಬಸ್ಸಿನಲ್ಲಿ ಬೆಚ್ಚಗೆ ಕೂರಬೇಕಾದರೆ ಐವತ್ತು ಡಬ್ಬಿ ಆಯಬೇಕು. ಆಫೀಸಿನಲ್ಲಿ ನೀನು ಕುಡಿದು ಎಸೆದ ಸೋಡಾದ ಲೆಕ್ಕವೂ ಅದರಲ್ಲಿ ಸೇರಿರುತ್ತದೆ.

‘ಮಲಗಲು ಜಾಗವಿಲ್ಲ, ಕೈಯಲ್ಲಿ ಸ್ಮಾರ್ಟ್‌ಫೋನು’ ಅಂತಲೂ ನೀವೆಲ್ಲ ಆಡಿಕೊಳ್ಳುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆಯನ್ನು ಇಲ್ಲಿ ಅಂಟಿಸಬೇಡ. ಮನೆ ಹೋದವನಿಗೆ ಆ ಫೋನೇ ವಿಳಾಸ. ಕೆಲಸಕ್ಕೆ ಕರೆಯುವವರು, ಆಸ್ಪತ್ರೆಯವರು, ಬಾಡಿಗೆ ನೆರವಿನ ಲಾಟರಿಯಲ್ಲಿ ಹೆಸರು ಬಂತೆಂದು ತಿಳಿಸುವವರು ಎಲ್ಲರೂ ಅದಕ್ಕೇ ಕರೆ ಮಾಡಬೇಕು.

ಈಗ ನಾನು ನಿನಗೆ ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಬೀದಿಯಲ್ಲಿ ಒಬ್ಬನನ್ನು ಕಂಡಾಗ, ‘ಇವನು ಎಂಥವನು’ ಅಂತ ಕೇಳಬೇಡ. ‘ಇವನು ಬೀದಿಗೆ ಬೀಳುವ ಮುಂಚಿನ ಹತ್ತು ದಿನ ಏನಾಗಿತ್ತು’ ಅಂತ ಕೇಳು. ಹತ್ತು ದಿನ ಅನ್ನುವುದನ್ನು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯಲ್ಲಿ ಡಾ. ಮಾರ್ಗೊ ಕುಶೆಲ್ ಅನ್ನುವ ವೈದ್ಯೆ ಇದ್ದಾರೆ. ಅವರೂ ಅವರ ತಂಡದವರೂ ರಾಜ್ಯದ ಉದ್ದಗಲಕ್ಕೂ ತಿರುಗಿ, ಮನೆಯಿಲ್ಲದ ಸುಮಾರು 3,200 ಜನರನ್ನು ಮಾತಾಡಿಸಿ 2023ರಲ್ಲಿ ಒಂದು ವರದಿ ಹೊರತಂದರು. ತಮ್ಮ ಹೆಸರಿನಲ್ಲಿ ಬಾಡಿಗೆ ಕರಾರು ಇದ್ದವರಿಗೆ ಮನೆ ಕೈಬಿಡುವ ಮುನ್ಸೂಚನೆ ಸಿಕ್ಕದ್ದು, ನಡುವಣ ಲೆಕ್ಕದಲ್ಲಿ, ಹತ್ತು ದಿನ. ಅಣ್ಣನ ಮನೆಯಲ್ಲೋ ಗೆಳತಿಯ ಸೋಫಾದ ಮೇಲೋ ಇದ್ದವರಿಗೆ ಒಂದೇ ದಿನ. ಬೀದಿಗೆ ಬರುವ ಮುಂಚಿನ ಆರು ತಿಂಗಳಲ್ಲಿ ಅವರ ಮನೆಯ ಆದಾಯ, ಅದೇ ನಡುವಣ ಲೆಕ್ಕದಲ್ಲಿ, ತಿಂಗಳಿಗೆ 960 ಡಾಲರ್. ನೀನು ಕೊಡುವ ಬಾಡಿಗೆಯ ಅರ್ಧವೂ ಅಲ್ಲ ಅದು. ತಿಂಗಳಿಗೆ 300ರಿಂದ 500 ಡಾಲರ್ ಆಸರೆ ಸಿಕ್ಕಿದ್ದರೆ ಮನೆ ಉಳಿಯುತ್ತಿತ್ತು ಅಂದವರು ನೂರಕ್ಕೆ ಎಪ್ಪತ್ತು ಮಂದಿ.

ಅದೇ ವರದಿಯಲ್ಲಿ ಇನ್ನೊಂದು ವಿಷಯವಿದೆ. ಒಂಟಿಯಾಗಿ ಬೀದಿಯಲ್ಲಿರುವವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ 50 ದಾಟಿದವರು. ಅವರಲ್ಲಿ ಹತ್ತಕ್ಕೆ ನಾಲ್ವರು ಮೊದಲ ಸಲ ಮನೆ ಕಳೆದುಕೊಂಡದ್ದೇ 50ರ ನಂತರ. ಬದುಕೆಲ್ಲ ದುಡಿದು, ಬೆನ್ನು ಬಗ್ಗಿದ ಮೇಲೆ, ಗಂಡನೋ ಹೆಂಡತಿಯೋ ಸತ್ತ ಮೇಲೆ ಬೀದಿಗೆ ಬಿದ್ದವರು. ಎಲ್ಲಿಂದಲೋ ವಲಸೆ ಬಂದು ಊರು ಕೆಡಿಸುವವರು ಅಂತ ಅಲ್ಲಿ ನಿನ್ನ ಕಿವಿಯ ಮೇಲೂ ಬೀಳುತ್ತದೆ. ಆದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಇದ್ದವರೇ, ಅಲ್ಲಿಯೇ ಕಳೆದುಕೊಂಡವರೇ.

ಈ ಹತ್ತು ದಿನದ ಮಾತು ನಿನಗೆ ಬೇರೆ ಯಾರಿಗಿಂತಲೂ ಬೇಗ ತಿಳಿಯಬೇಕು. ನೀನು ಮೊದಲ ಬಾಡಿಗೆ ಮನೆ ಹುಡುಕುವಾಗ ಏನಾಗುತ್ತದೆ ಗೊತ್ತಾ? ಅರ್ಜಿ ಹಾಕಲಿಕ್ಕೇ ದುಡ್ಡು ಕೇಳುತ್ತಾರೆ. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸು ಅನ್ನುತ್ತಾರೆ. ಕ್ರೆಡಿಟ್ ಸ್ಕೋರ್ ಎಲ್ಲಿ ಅನ್ನುತ್ತಾರೆ. ಇಲ್ಲಿ ರ‍್ಯಾಂಕ್ ಬಂದ ನೀನು ಅಲ್ಲಿ ಹೇಳಹೆಸರಿಲ್ಲದವರಂತೆ ನಿಂತಿರುತ್ತೀ. ಕಂಪನಿಯ ಪತ್ರ, ಕೊನೆಗೆ ಯಾವನೋ ಸೀನಿಯರ್ ಕೊಟ್ಟ ಖಾತರಿ, ಇವೆಲ್ಲ ಸೇರಿ ನಿನ್ನನ್ನು ಒಳಗೆ ಬಿಡುತ್ತವೆ. ಒಂದು ಸಲ ಬಾಡಿಗೆ ತಪ್ಪಿ ಕೋರ್ಟಿನ ಕಾಗದ ಬಂದವನಿಗೆ ಆ ಬಾಗಿಲು ಎಷ್ಟು ವರ್ಷ ಮುಚ್ಚಿರುತ್ತದೆ ಅಂತ ಆಗ ಯೋಚಿಸು. ಇನ್ನೂ ಒಂದಿದೆ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಲೇಆಫ್ ಆದ ನಮ್ಮ ಹುಡುಗರು ಆ ದಿನಗಳಲ್ಲಿ ಊಟ ಸೇರದೆ ಕೂತದ್ದನ್ನು ನಾನು ಮಗನ ಮನೆಯ ಡೈನಿಂಗ್ ಟೇಬಲ್ಲಿನಲ್ಲೇ ನೋಡಿದ್ದೇನೆ. ನಿನಗೆ ಕೊನೆಗೆ ಒಂದು ವಿಮಾನ ಇದೆ, ಇಳಿದರೆ ಅಪ್ಪನ ಮನೆ ಇದೆ. ಅದನ್ನು ನಿನ್ನ ಸಾಮರ್ಥ್ಯ ಅಂತ ತಿಳಿಯಬೇಡ.

ಹಾಗಾದರೆ ನಶೆ? ಸೂಜಿ ಚುಚ್ಚಿಕೊಳ್ಳುವವರು, ಗಾಳಿಯ ಜೊತೆ ಜಗಳವಾಡುವವರು? ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್ಲಾಯ್ನ್ ಬಡಾವಣೆಯಲ್ಲಿ ನಡೆದರೆ ಕರುಳು ಹಿಂಡುತ್ತದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಆ ವರದಿಯಲ್ಲೇ ಸುಮಾರು ಮೂರರಲ್ಲೊಂದು ಪಾಲು ಜನ ಮೆತ್ ಅನ್ನುವ ನಶೆಯನ್ನು ಬಿಡದೆ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಕೆಲವರು ನಶೆಯಿಂದ ಮನೆ ಕಳೆದುಕೊಂಡರು, ಕೆಲವರು ಮನೆ ಕಳೆದುಕೊಂಡ ಮೇಲೆ ರಾತ್ರಿ ಎಚ್ಚರವಿರಲು ಹಿಡಿದರು. ಆದರೆ ವೆಸ್ಟ್ ವರ್ಜೀನಿಯಾ ಅನ್ನುವ ರಾಜ್ಯ ನೋಡು. ನಶೆ ಮಿತಿಮೀರಿ ಸಾಯುವವರ ಪ್ರಮಾಣ ಇಡೀ ದೇಶದಲ್ಲೇ ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಅದೂ ಒಂದು. ಬೀದಿಯಲ್ಲಿರುವವರು ಮಾತ್ರ ಅಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಕಮ್ಮಿ. ಯಾಕೆಂದರೆ ಅಲ್ಲಿ ಬಾಡಿಗೆ ಅಗ್ಗ. ಮಳೆ ಎಲ್ಲರ ಮನೆಯ ಮೇಲೂ ಸುರಿಯುತ್ತದೆ. ಸೋರುವುದು ಹಂಚು ಒಡೆದ ಕಡೆ.

ಆ ಹಂಚು ಒಡೆದದ್ದು ಹೇಗೆ ಅನ್ನುವುದನ್ನೂ ತಿಳಿದಿರು. ನಿನ್ನ ಕಂಪನಿಯವರು ದೊಡ್ಡ ಸಮ್ಮೇಳನಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಮಾಸ್ಕೋನಿ ಸೆಂಟರಿಗೆ ಕರೆದೊಯ್ಯುತ್ತಾರೆ, ಕುತ್ತಿಗೆಗೆ ಪಟ್ಟಿ ನೇತುಹಾಕುತ್ತಾರೆ. 1981ರಲ್ಲಿ ತೆರೆದ ಕಟ್ಟಡ ಅದು. ಅದಕ್ಕೂ ಮುಂಚೆ ಆ ಸುತ್ತಿನಲ್ಲಿ ಇದ್ದದ್ದು ಅಗ್ಗದ ಹೋಟೆಲುಗಳು. ಒಂದು ಕೋಣೆ, ಹಜಾರದ ಕೊನೆಯಲ್ಲಿ ಎಲ್ಲರಿಗೂ ಒಂದು ಬಚ್ಚಲು. ಬಂದರು, ಕಾರ್ಖಾನೆಗಳಲ್ಲಿ ದುಡಿದು ಮುದುಕರಾದ ಒಂಟಿ ಗಂಡಸರು ಪಿಂಚಣಿಯಲ್ಲಿ ಅಲ್ಲಿ ಬಾಳುತ್ತಿದ್ದರು. ಊರು ಚೆಂದ ಮಾಡುತ್ತೇವೆ ಅಂತ ಸಾವಿರಾರು ಕೋಣೆ ಕೆಡವಿದರು. ಆ ಮುದುಕರು ಸುಮ್ಮನೆ ಹೋಗಲಿಲ್ಲ, ಸಂಘ ಕಟ್ಟಿ ಕೋರ್ಟಿಗೆ ಹೋದರು, ಬದಲಿ ಮನೆಗಳನ್ನು ಒಂದಿಷ್ಟು ಗೆದ್ದರು. ಊರಿನ ಇನ್ನೊಂದು ಮೂಲೆಯಲ್ಲಿ ಇಂಟರ್‌ನ್ಯಾಷನಲ್ ಹೋಟೆಲಿನಿಂದ ಫಿಲಿಪಿನೊ, ಚೀನೀ ಮುದುಕರನ್ನು 1977ರ ಆಗಸ್ಟ್‌ನ ಒಂದು ರಾತ್ರಿ ಪೊಲೀಸರು ಹೊರಹಾಕಿದರು. ಅದೇ ಕಾಲದಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ರೋಗಿಗಳನ್ನು ಕೂಡಿಹಾಕಬಾರದು, ಊರೂರಲ್ಲಿ ಚಿಕಿತ್ಸಾ ಕೇಂದ್ರ ಮಾಡಬೇಕು ಅನ್ನುವ ಒಳ್ಳೆಯ ಮಾತಿನಿಂದಲೇ 1963ರಲ್ಲಿ ಅಧ್ಯಕ್ಷ ಕೆನಡಿ ಕಾನೂನಿಗೆ ಸಹಿ ಹಾಕಿದ್ದು. ಬಾಗಿಲು ತೆರೆದು ಕಳಿಸಿದ್ದು ನಡೆಯಿತು. ಕೇಂದ್ರಗಳಿಗೆ ಹಣ ಸಾಲಲಿಲ್ಲ, 1981ರಲ್ಲಿ ರೇಗನ್ ಸರ್ಕಾರ ಅದನ್ನೂ ಕಡಿತ ಮಾಡಿತು. ಕೋಣೆಯೂ ಹೋಯಿತು, ಆಸ್ಪತ್ರೆಯೂ ಹೋಯಿತು. 2024ರ ಜನವರಿಯ ರಾತ್ರಿ ಎಣಿಕೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಒಂದರಲ್ಲೇ ಮನೆಯಿಲ್ಲದವರು 8,323 ಮಂದಿ. ಇಡೀ ಅಮೆರಿಕಾದಲ್ಲಿ 7.7 ಲಕ್ಷ.

ಮೊದಲ ಸಂಬಳದ ಚೀಟಿ ಬಂದಾಗ ನೀನು ಫೋನು ಮಾಡಿ ಗೊಣಗುತ್ತೀ, ಗೊತ್ತು. ‘ಇಷ್ಟೊಂದು ಹಿಡಿದುಕೊಳ್ಳುತ್ತಾರೆ ಅಜ್ಜಿ!’ ಆ ಚೀಟಿಯನ್ನು ಗೊಣಗದೆ ಒಂದು ಸಲ ಓದು. ಸೋಷಿಯಲ್ ಸೆಕ್ಯುರಿಟಿ ಅಂತ ನೂರಕ್ಕೆ 6.2, ಮೆಡಿಕೇರ್ ಅಂತ 1.45 ಹೋಗಿರುತ್ತದೆ. ಮೊದಲನೆಯದು 1935ರಲ್ಲಿ ರೂಸ್‌ವೆಲ್ಟ್ ತಂದ ಮುಪ್ಪಿನ ಪಿಂಚಣಿಯ ಕಾನೂನು. ಆ ದುಡ್ಡು ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಈ ತಿಂಗಳು ಯಾವುದೋ ಊರಿನ ಮುದುಕಿಯ ಖಾತೆಗೆ ಹೋಗುತ್ತದೆ. 1959ರಲ್ಲಿ ಅಮೆರಿಕಾದ ವೃದ್ಧರಲ್ಲಿ ನೂರಕ್ಕೆ 35 ಮಂದಿ ಬಡವರಾಗಿದ್ದರು. ಈಗ ಅದು ಹತ್ತರ ಆಸುಪಾಸು. ಇಷ್ಟು ದೊಡ್ಡ ಕೆಲಸ ಮಾಡಿದ ದುಡ್ಡು ಅದು. ಅಲ್ಲಿ ದುಡಿದು ಹತ್ತು ವರ್ಷ ತುಂಬುವ ಮುಂಚೆ ನೀನು ವಾಪಸು ಬಂದರೆ ಆ ಪಿಂಚಣಿ ನಿನಗೆ ಸಿಗುವುದಿಲ್ಲ. ನಮ್ಮ ದೇಶಕ್ಕೂ ಅವರಿಗೂ ಅದರ ಒಪ್ಪಂದವಿಲ್ಲ. ನಮ್ಮವರು ಎಷ್ಟೋ ಮಂದಿ ಹಾಗೆ ಬಿಟ್ಟು ಬಂದಿದ್ದಾರೆ. ಅದು ಅನ್ಯಾಯ, ಸರಿಹೋಗಬೇಕು. ಅದು ಸರಿಹೋಗುವ ತನಕ, ಅಲ್ಲಿನ ಮುದುಕರ ಅನ್ನದಲ್ಲಿ ನಿನ್ನ ಪಾಲೂ ಇದೆ ಅನ್ನುವ ಹೆಮ್ಮೆಯಾದರೂ ನಿನಗಿರಲಿ.

ಕೊಟ್ಟದ್ದು ಕೆಲಸ ಮಾಡುತ್ತದೆ, ಕೊಡದ ಕಡೆ ಜನ ಬೀಳುತ್ತಾರೆ. ಬಡವರಿಗೆ ಬಾಡಿಗೆಯಲ್ಲಿ ನೆರವಾಗುವ ಸೆಕ್ಷನ್ 8 ಅನ್ನುವ ಯೋಜನೆ 1974ರಿಂದಲೂ ಇದೆ. ಅರ್ಹರಾದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಸಿಗುತ್ತದೆ. ಉಳಿದವರು ಪಟ್ಟಿಯಲ್ಲಿ ಕಾಯಬೇಕು. ದುಡಿಯಲಾಗದ ಅಂಗವಿಕಲರಿಗೂ ಆಸ್ತಿಯಿಲ್ಲದ ಮುದುಕರಿಗೂ ಕೇಂದ್ರ ಸರ್ಕಾರದಿಂದ ಬರುವ ಮಾಸಾಶನ 2024ರಲ್ಲಿ 943 ಡಾಲರ್. ಕ್ಯಾಲಿಫೋರ್ನಿಯಾ ಇನ್ನೊಂದಿಷ್ಟು ಸೇರಿಸಿದರೂ ನೀನು ಹೋಗುವ ಊರಿನಲ್ಲಿ ಒಂದು ಕೋಣೆ ಗಿಟ್ಟುವುದು ಕಷ್ಟ.

‘ಬಿಟ್ಟಿ ಕೊಟ್ಟು ಕೊಟ್ಟು ಜನರನ್ನು ಸೋಮಾರಿ ಮಾಡಿದರು’ ಅಂತ ಇಲ್ಲಿದ್ದಾಗ ನೀನು ಊಟಕ್ಕೆ ಕೂತು ಭಾಷಣ ಮಾಡುತ್ತಿದ್ದೆ. ನಾನು ಸಾರು ಬಡಿಸುತ್ತಾ ಕೇಳಿಸಿಕೊಂಡಿದ್ದೇನೆ. ಈಗ ಕೇಳು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80 ತುಂಬದವರಿಗೆ ದೆಹಲಿಯ ಪಾಲು ತಿಂಗಳಿಗೆ 200 ರೂಪಾಯಿ. ರಾಜ್ಯ ಕೂಡಿಸಿ ಕೊಡುತ್ತದೆ. ಆ ದುಡ್ಡಿನಿಂದ ಸೋಮಾರಿಯಾದ ಒಬ್ಬರನ್ನೂ ನನ್ನ ಕಿಟಕಿಯಲ್ಲಿ ನಾನು ಕಾಣಲಿಲ್ಲ. ಒಬ್ಬ ಅಜ್ಜಿ ಮಂಜೂರಾತಿ ಪತ್ರವನ್ನು ಎಂಟು ಮಡಿಕೆ ಮಾಡಿ, ಹಾಲಿನ ಕವರಿನಲ್ಲಿ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡು ಬರುತ್ತಿದ್ದಳು. ಮಗನ ಮನೆಯಲ್ಲೇ ಇದ್ದಳು, ಊಟಕ್ಕೆ ತೊಂದರೆಯಿರಲಿಲ್ಲ. ದುಡ್ಡು ಯಾತಕ್ಕಮ್ಮ ಅಂದರೆ, ‘ಎಲೆಯಡಿಕೆಗೆ ಸೊಸೆ ಮುಂದೆ ಕೈಯೊಡ್ಡಬಾರದು ಕಣವ್ವ’ ಅಂದಳು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ದುಡಿದು ಆಕೆಯ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಯಂತ್ರ ಬಂದ ಮೇಲೆ ಹೆಬ್ಬೆಟ್ಟು ಹೊಂದಲಿಲ್ಲ, ಪಿಂಚಣಿ ನಿಂತಿತು. ಬದುಕಿದ್ದೇನೆ ಅಂತ ಸಾಬೀತು ಮಾಡಲು ಆಕೆ ಕಚೇರಿಯಿಂದ ಕಚೇರಿಗೆ ಅಲೆದಳು.

ಅಮೆರಿಕಾದಲ್ಲಿ ನಾನು ಕಂಡದ್ದೂ ಇದನ್ನೇ. ಸೊಸೆಯ ಜೊತೆ ಒಂದು ಚರ್ಚಿನ ಅಡುಗೆಮನೆಗೆ ತರಕಾರಿ ಹೆಚ್ಚಲು ಹೋಗುತ್ತಿದ್ದೆ. ಊಟಕ್ಕೆ ಬಂದ ಒಬ್ಬಾತ ಜಿಪ್ ಇರುವ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದು ಹುಡುಕುತ್ತಿದ್ದ. ಅವನ ಗುಡಾರ ತೆರವು ಮಾಡಿದ ದಿನ ಗುರುತಿನ ಚೀಟಿ ಕಸದ ಲಾರಿಗೆ ಹೋಗಿತ್ತು. ಹೊಸದು ಬೇಕಾದರೆ ಹುಟ್ಟಿದ ರಾಜ್ಯದಿಂದ ಜನನ ಪತ್ರ ತರಿಸಬೇಕು. ಅದು ಅಂಚೆಯಲ್ಲಿ ಬರಲು ವಿಳಾಸ ಬೇಕು. ಚೀಟಿಯಿಲ್ಲದೆ ಕೋಣೆ ಇಲ್ಲ, ಕೋಣೆಯಿಲ್ಲದೆ ವಿಳಾಸ ಇಲ್ಲ. ನಮ್ಮ ಅಜ್ಜಿಯ ಹಾಲಿನ ಕವರು, ಇವನ ಜಿಪ್ ಚೀಲ: ಎರಡರಲ್ಲೂ ಇದ್ದದ್ದು ಪ್ರಾಣಕ್ಕಿಂತ ಹೆಚ್ಚಾಗಿ ಕಾಯಬೇಕಾದ ಕಾಗದ. ನೀನು ಮುಂದೆ ಇಂಥ ಗುರುತು ಪರೀಕ್ಷಿಸುವ ಸಾಫ್ಟ್‌ವೇರು ಬರೆಯುವ ಕುರ್ಚಿಯಲ್ಲಿ ಕೂತರೆ, ಹೆಬ್ಬೆಟ್ಟು ಹೊಂದದವರಿಗೆ, ವಿಳಾಸವಿಲ್ಲದವರಿಗೆ ಒಂದು ದಾರಿ ಇಟ್ಟು ಬರಿ. ನಿನ್ನ ಅಜ್ಜಿ ಕೇಳಿಕೊಳ್ಳುತ್ತಿರುವುದು ಅದೊಂದನ್ನೇ.

‘ನಮ್ಮಲ್ಲಾದರೆ ಸಂಸಾರ ಅಂತ ಇದೆ, ಯಾರನ್ನೂ ಬೀದಿಗೆ ಬಿಡುವುದಿಲ್ಲ’ ಅಂತ ಅಲ್ಲಿ ನಿನ್ನ ಗೆಳೆಯರು ಎದೆಯುಬ್ಬಿಸುತ್ತಾರೆ. ನೀನು ತಲೆಯಾಡಿಸುವ ಮುಂಚೆ ತಡಿ. 2011ರ ಜನಗಣತಿಯಲ್ಲಿ ಮನೆಯಿಲ್ಲದ ಭಾರತೀಯರು ಸುಮಾರು 17.7 ಲಕ್ಷ. ಅವರಿಗೂ ಸಂಸಾರ ಇತ್ತು. ಕೂಡುಕುಟುಂಬ ಗಂಡ ಸತ್ತ ತಂಗಿಗೆ ಅನ್ನ ಹಾಕಿತು, ನಿಜ. ಅವಳ ಬದುಕನ್ನೆಲ್ಲ ಅಡುಗೆಮನೆಯ ಹೊಗೆಯಲ್ಲಿ ವಸೂಲಿ ಮಾಡಿಕೊಂಡೇ ಹಾಕಿತು. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಿಮ್ಮಪ್ಪ ಕಟ್ಟುವ ಮನೆ ಕಂದಾಯದ ರಸೀತಿ ತೆಗೆದು ನೋಡು, ಭಿಕ್ಷುಕರ ಸೆಸ್ ಅಂತ ನೂರಕ್ಕೆ ಮೂರು ಇರುತ್ತದೆ. ಹಿಡಿದು ತಂದವರನ್ನು ಇಡುವ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವಾರು ಮಂದಿ ಸತ್ತರು. ಪತ್ರಿಕೆಗಳಲ್ಲಿ ಓದಿ ಅನ್ನ ಇಳಿಯಲಿಲ್ಲ ನನಗೆ. ಅಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು 2024ರಲ್ಲಿ, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿನ ಮೊಕದ್ದಮೆಯಲ್ಲಿ, ಬಯಲಲ್ಲಿ ಮಲಗಿದವರಿಗೆ ದಂಡ ಹಾಕಬಹುದು ಅಂತ ತೀರ್ಪು ಕೊಟ್ಟಿತು. ಬೇರೆ ಜಾಗ ಇಲ್ಲದವರಿಗೂ ಅದು ಅನ್ವಯ. ಬಡವರನ್ನು ಕಣ್ಣಿಗೆ ಬೀಳದ ಹಾಗೆ ಮಾಡುವುದರಲ್ಲಿ ಎರಡು ದೇಶಗಳೂ ಚುರುಕು. ನೀನು ಇಲ್ಲಿಯದನ್ನು ಅಲ್ಲಿ, ಅಲ್ಲಿಯದನ್ನು ಇಲ್ಲಿ ಹೀಯಾಳಿಸಿ ಸಮಾಧಾನಪಟ್ಟುಕೊಳ್ಳಬೇಡ.

ಇನ್ನು ಎದುರಿಗೆ ಸಿಕ್ಕಾಗ ಏನು ಮಾಡಬೇಕು? ಮುಖ ನೋಡು. ಕೈಯೊಡ್ಡಿ ಕೇಳಿದರೆ, ಕೊಡುವ ಮನಸ್ಸಿದ್ದರೆ ಕೊಡು. ಇಲ್ಲದಿದ್ದರೆ ‘ಇವತ್ತಿಲ್ಲ, ಸಾರಿ’ ಅನ್ನು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಂಬದ ಪಕ್ಕ ನಡೆದ ಹಾಗೆ ಮಾತ್ರ ನಡೆಯಬೇಡ. ಕೊಟ್ಟ ಮೇಲೆ ‘ಕುಡಿಯಬೇಡಪ್ಪಾ’ ಅಂತ ಬುದ್ಧಿ ಹೇಳಬೇಡ. ನಿನ್ನ ಸಂಬಳಕ್ಕೆ ಯಾರೂ ಹಾಗೆ ಹೇಳಿಲ್ಲ. ಸಾಕ್ಸು ಕೊಡು, ಹೊಸದು. ಬೀದಿಯಲ್ಲಿರುವವರ ಕಾಲು ಒದ್ದೆಯಾಗಿಯೇ ಇರುತ್ತದೆ, ಹುಣ್ಣಾಗುತ್ತದೆ. ದಾನದಲ್ಲಿ ಹಳೆ ಬಟ್ಟೆ ಬಂದಷ್ಟು ಸಾಕ್ಸು ಬರುವುದಿಲ್ಲ. ತಿನ್ನಲು ಕೊಡುವುದಾದರೆ ಮೆತ್ತಗಿನದನ್ನು ಕೊಡು, ಬಾಳೆಹಣ್ಣು, ಬ್ರೆಡ್ಡು. ಎಷ್ಟೋ ಜನರಿಗೆ ಅಗಿಯಲು ಹಲ್ಲೇ ಇರುವುದಿಲ್ಲ. ಬರ್ತ್‌ಡೇ ಪಾರ್ಟಿಯಲ್ಲಿ ಉಳಿದ ಬಿರಿಯಾನಿಯನ್ನು ಕಾರಿನ ಕಿಟಕಿಯಿಂದ ಚಾಚುವ ಮುಂಚೆ, ಬೇಕಾ ಅಂತ ಕೇಳು. ಯಾರಾದರೂ ಕೂಗಾಡುತ್ತಿದ್ದರೆ ರಸ್ತೆ ದಾಟಿ ಆಚೆ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಮನಸ್ಸು ಕದಡಿ ಪ್ರಾಣಾಪಾಯದ ಅಂಚಿನಲ್ಲಿದ್ದವರನ್ನು ಕಂಡರೆ 988ಕ್ಕೆ ಫೋನು ಮಾಡು. ಊಟ, ವಸತಿ ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ 211. ಬಿಡುವಿದ್ದರೆ ಟೆಂಡರ್ಲಾಯ್ನ್‌ನ ಸೇಂಟ್ ಆಂಟನೀಸ್ ಊಟದ ಮನೆಗೆ ಹೋಗು. 1950ರಿಂದ ಹಸಿದವರಿಗೆ ಬಡಿಸುತ್ತಾ ಬಂದಿದ್ದಾರೆ. ದಾಸೋಹ ಕಂಡು ಬೆಳೆದ ನಿನಗೆ ಅಲ್ಲಿ ಯಾರೂ ಏನೂ ಕಲಿಸಬೇಕಾಗಿಲ್ಲ.

ಆದರೆ ಸಾಕ್ಸಿನಿಂದಲೇ ಇದು ಬಗೆಹರಿಯುವುದಿಲ್ಲ. ಫಿನ್ಲೆಂಡಿನವರು 2008ರಿಂದ ಒಂದು ಬೇರೆ ದಾರಿ ಹಿಡಿದರು. ಮೊದಲು ನಶೆ ಬಿಡು, ಮೊದಲು ಕೆಲಸ ಹುಡುಕು ಅಂತ ಷರತ್ತು ಹಾಕುವುದನ್ನು ಬಿಟ್ಟರು. ಮೊದಲು ಮನೆ, ತನ್ನ ಹೆಸರಿನ ಬಾಡಿಗೆ ಕರಾರು, ಉಳಿದ ಚಿಕಿತ್ಸೆ ಆಮೇಲೆ. ರಾತ್ರಿ ತಂಗುವ ಹಳೆಯ ಛತ್ರಗಳನ್ನೇ ಒಡೆದು ಸಣ್ಣ ಸಣ್ಣ ಮನೆ ಮಾಡಿದರು. ಅಮೆರಿಕಾದಲ್ಲೇ ಹ್ಯೂಸ್ಟನ್ ನಗರ ಇದೇ ದಾರಿಯಲ್ಲಿ ನಡೆದು, 2011ರಿಂದ ಈಚೆಗೆ ಬೀದಿಯಲ್ಲಿರುವವರ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಆಗದ ಕೆಲಸವೇನಲ್ಲ.

ನಾಳೆ ನೀನು ಅಲ್ಲೇ ಮನೆ ಕೊಳ್ಳುತ್ತೀ. ಏಳೂವರೆ ಲಕ್ಷ ಡಾಲರಿನವರೆಗಿನ ಸಾಲದ ಬಡ್ಡಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದೂ ಮನೆಗಾಗಿ ಸರ್ಕಾರ ಕೊಡುವ ನೆರವೇ. ಅದಕ್ಕೆ ಕಾಯುವ ಪಟ್ಟಿ ಇಲ್ಲ, ಲಾಟರಿ ಇಲ್ಲ, ಯಾರೂ ಬಿಟ್ಟಿ ಅನ್ನುವುದಿಲ್ಲ. ಸ್ವಲ್ಪ ದಿನಕ್ಕೆ ನಿನ್ನ ಬೀದಿಗೆ ನಗರಸಭೆಯಿಂದ ಒಂದು ನೋಟಿಸು ಬರುತ್ತದೆ: ಹತ್ತಿರದ ಹಳೆ ಮೋಟೆಲೊಂದನ್ನು ಮನೆಯಿಲ್ಲದವರ ವಸತಿಯಾಗಿ ಮಾಡುತ್ತೇವೆ ಅಂತ. 2020ರಿಂದ ಹೋಮ್‌ಕೀ ಅನ್ನುವ ಹೆಸರಿನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಇದಕ್ಕೆ ಹಣ ಕೊಡುತ್ತಿದೆ. ಕೂಡಲೇ ಬೀದಿಯ ವಾಟ್ಸಾಪ್ ಗುಂಪು ಹೊತ್ತಿ ಉರಿಯುತ್ತದೆ. ಮಕ್ಕಳ ಸುರಕ್ಷತೆ, ಮನೆಯ ಬೆಲೆ, ಸ್ಕೂಲಿನ ಹೆಸರು. ನಮ್ಮವರೇ ಮುಂದೆ ನಿಂತು ಸಹಿ ಸಂಗ್ರಹಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ನೋವಾಯಿತು. ಒಳ್ಳೆಯ ಮಕ್ಕಳೇ ಎಲ್ಲ, ಗಡಿಬಿಡಿ ಜಾಸ್ತಿ.

ನೀನು ಕಣ್ಣು ಮುಚ್ಚಿ ಸಹಿ ಹಾಕಬೇಡ. ನಗರಸಭೆಯ ಸಭೆ ಸಾಮಾನ್ಯವಾಗಿ ಸಂಜೆ ಹೊತ್ತು ಇರುತ್ತದೆ; ಮೊದಲು ಅಲ್ಲಿ ಹೋಗಿ ಕೂರು. ಅಕ್ಕಪಕ್ಕದವರ ಭಯವನ್ನೂ ಕೇಳು, ಅದೆಲ್ಲ ಸುಳ್ಳಲ್ಲ. ಕಾವಲು ಯಾರು, ಚಿಕಿತ್ಸೆ ಕೊಡುವವರು ಎಷ್ಟು ಜನ ಅಂತ ನೀನೂ ಕೇಳು. ಕಾರಿನಲ್ಲಿ ಮಲಗುವವರು ಯಾರಾದರೂ ಒಂದು ಪಾಳಿಯ ಕೂಲಿ ಬಿಟ್ಟು ಮಾತಾಡಲು ಬಂದಿರುತ್ತಾರೆ, ಅವರ ಸರದಿ ಕೊನೆಗೆ ಬರುತ್ತದೆ. ಎದ್ದು ಬರಬೇಡ. ಆಮೇಲೆ ನೀನೂ ಎದ್ದು ನಿಂತು, ಬಾಡಿಗೆ ಮನೆಗಾಗಿ ಆ ಊರಿನಲ್ಲಿ ನೀನು ಪಟ್ಟ ಪಾಡು ಹೇಳು. ಅದಕ್ಕೆ ಆ ದೇಶದ ಪ್ರಜೆಯಾಗಿರಬೇಕಾಗಿಲ್ಲ. ಹೆಸರು ಬರೆಯುವ ಚೀಟಿ ಸಭೆಯ ಬಾಗಿಲ ಹತ್ತಿರವೇ ಇಟ್ಟಿರುತ್ತಾರೆ.